ಯಾವ ಗದ್ದೆಗೆ ಈ ನೀರು? ವೇಲ್ಸ್ ನಾಲೆ ಮೇಲೆ ಒಂದು ವಾರ

(ಹೋದ ತಿಂಗಳು ಮಂಡ್ಯದಲ್ಲಿ ಗೆಳೆಯರು ಸೇರಿಸಿದ್ದ ಸಣ್ಣ ಸಭೇಲಿ ಮಾತಾಡಿದ್ದು ಇದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಸ್ಲೈಡ್ ತೋರಿಸ್ತಾ "ಇಲ್ಲಿ ನೋಡಿ, ಅಲ್ಲಿ ನೋಡಿ" ಅಂದಿದ್ದನ್ನೆಲ್ಲ ತೆಗೆದು, ಎರಡು ಮೂರು ಕಡೆ ಆಮೇಲೆ ನೆನಪಾಗಿದ್ದನ್ನ ಸೇರಿಸಿದೀನಿ. ಮಿಕ್ಕಿದ್ದು ಮಾತಾಡಿದ ಹಾಗೇ ಇದೆ, ಬೈಕೋಬೇಡಿ.)

ಎಲ್ರಿಗೂ ನಮಸ್ಕಾರ. ಮಂಡ್ಯದೋರ ಮುಂದೆ ನಿಂತು ನಾಲೆ ಬಗ್ಗೆ ಮಾತಾಡೋದು ಅಂದ್ರೆ ಮದ್ದೂರಿಗೆ ಹೋಗಿ ವಡೆ ಮಾರಿದ ಹಾಗೆ, ಅದು ಗೊತ್ತಿದ್ದೇ ಬಂದಿದೀನಿ. ಈ ರೂಮಲ್ಲಿ ಕನಿಷ್ಠ ನಾಲ್ಕು ಜನ ನೀರಾವರಿ ಇಲಾಖೆಲಿ ಇದ್ದು ರಿಟೈರ್ ಆದೋರು ಕಾಣ್ತಿದಾರೆ, ತಪ್ಪು ಹೇಳಿದ್ರೆ ಅಲ್ಲೇ ಕೈ ಎತ್ತಿ ಸಾರ್.

ನಾನು ಹುಟ್ಟಿ ಬೆಳೆದಿದ್ದು ವಿಸಿ ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ ಪಕ್ಕದಲ್ಲೇ. ನಮ್ಮ ತಾತ ನೀರುಗಂಟಿ. ಯಾವ ತೂಬು ಎಷ್ಟು ಹೊತ್ತು ಎತ್ತಬೇಕು, ಯಾರ ಗದ್ದೆಗೆ ಆಯ್ತು ಯಾರ್ದಕ್ಕೆ ಆಗಿಲ್ಲ, ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಯಾರು ಕದ್ದು ಬಿಟ್ಕೊಂಡಿದಾರೆ ಅಂತ ನೋಡೋದು, ಇಂಥದ್ದು ಕೇಳ್ಕೊಂಡೇ ಬೆಳೆದಿದ್ದು. ಜೊತೆಗೆ ಭಯಾನೂ ಇತ್ತು. "ನಾಲೆ ಕಡೆ ಹೋಗ್ಬ್ಯಾಡ ಕಣ್ಲಾ" ಅನ್ನೋ ಮಾತು ಕೇಳದೆ ನಮ್ಮ ಕಡೆ ಯಾವ ಮಗುನೂ ದೊಡ್ಡದಾಗಿಲ್ಲ. 2018ರಲ್ಲಿ ಕನಗನಮರಡಿ ಹತ್ರ ಬಸ್ಸು ಬಿದ್ದಿದ್ದು ನೆನಪಿರೋರಿಗೆ ಅದನ್ನ ನಾನು ವಿವರಿಸಬೇಕಾಗಿಲ್ಲ. ಅಂಥಾ ನಾನು ಈಗ ಇರೋದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ, ಅಲ್ಲಿ ಜನ ರಜ ಹಾಕಿ, ದುಡ್ಡು ಕೊಟ್ಟು, ನಾಲೆ ಮೇಲೆ ದೋಣೀಲಿ ಮಲಗೋಕೆ ಹೋಗ್ತಾರೆ ಅಂದ್ರೆ ಮೊದಮೊದಲು ನಂಗೆ ಇವರಿಗೆ ತಲೆ ಕೆಟ್ಟಿದೆ ಅನ್ಸಿತ್ತು.

2023ರ ಜೂನಲ್ಲಿ ಅವ್ವ ಬಂದಿದ್ಲು. ಆ ಜೂನು ಅಲ್ಲಿ ಅದುವರೆಗಿನ ದಾಖಲೇಲೇ ತುಂಬ ಬಿಸಿಲಿನ ಜೂನು. ಮನೇಲಿ ಎಸಿ ಇಲ್ಲ, ಫ್ಯಾನೂ ಇಲ್ಲ, ಅವ್ವ "ಇದ್ಯಾವ ಸೀಮೆ ಚಳಿ ದೇಶಾನೋ" ಅಂತ ಸೆರಗಲ್ಲಿ ಗಾಳಿ ಹಾಕ್ಕೊಂಡು ಕೂತಿದ್ಲು. ಹೆಂಡತಿ ಹೇಳಿದ್ಲು, ಲಂಡನ್ನು ಅರಮನೆ ಅಂತ ಸುತ್ತಿಸಿ ಕಾಲು ನೋಯಿಸೋ ಬದಲು ಒಂದು ವಾರ ಬೋಟ್ ತಗೊಳ್ಳೋಣ, ಅತ್ತೆ ಕೂತ್ಕೊಂಡೇ ಊರು ನೋಡಬಹುದು ಅಂತ. ಹಾಗೆ ಹೋಗಿದ್ದು ಲಂಗೊಲೆನ್ ಕೆನಾಲಿಗೆ. ಹೆಸರು ಹಾಗಲ್ಲ, ಅದು ವೆಲ್ಷ್ ಭಾಷೆ, ಅದರ "ಲ್ಲ್" ನಮ್ಮ ಲ ಅಲ್ಲ ಳ ಅಲ್ಲ, ನಾಲಿಗೇನ ಲ ಹೇಳೋ ಜಾಗದಲ್ಲಿ ಇಟ್ಟು ದನಿ ತೆಗೀದೆ ಬರೀ ಉಸಿರು ಊದಬೇಕು. ನನ್ನ ಮಗನಿಗೆ ಎರಡು ದಿನದಲ್ಲಿ ಬಂತು, ನಂಗೆ ಇವತ್ತಿಗೂ ಬಂದಿಲ್ಲ. ಲಂಗೊಲೆನ್ ಅಂತಾನೇ ಅಂತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ.

ಮೊದ್ಲು ಒಂದು ವಿಷಯ ಕ್ಲಿಯರ್ ಮಾಡ್ಬಿಡ್ತೀನಿ. ಅವರ ಕೆನಾಲ್ ಬೇರೆ, ನಮ್ಮ ನಾಲೆ ಬೇರೆ. ನಮ್ಮದು ನೀರು ಹೊತ್ಕೊಂಡು ಹೋಗೋಕೆ, ಅವರದು ಸಾಮಾನು ಹೊತ್ಕೊಂಡು ಹೋಗೋಕೆ. 1761ರಲ್ಲಿ ಬ್ರಿಜ್‌ವಾಟರ್ ಅನ್ನೋ ಡ್ಯೂಕ್ ತನ್ನ ಗಣಿ ಕಲ್ಲಿದ್ದಲು ಮ್ಯಾಂಚೆಸ್ಟರ್‌ಗೆ ಸಾಗಿಸೋಕೆ ಒಂದು ಕಾಲುವೆ ಓಪನ್ ಮಾಡಿದ, ಅದರ ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಆಮೇಲೆ ಐವತ್ತು ಅರವತ್ತು ವರ್ಷ ದೇಶ ತುಂಬ ಅಗೆದಿದ್ದೇ ಅಗೆದಿದ್ದು. ಗುಡ್ಡ ಕೊರೆಯೋದು, ಲಾಕ್ (ಬೋಟನ್ನ ಏರಿಸಿ ಇಳಿಸೋ ತೊಟ್ಟಿ) ಕಟ್ಟೋದು ದುಬಾರಿ ಅಂತ ಬ್ರಿಂಡ್ಲಿ ಮತ್ತವನ ಹಿಂದೆ ಬಂದೋರು ಅನೇಕ ಕಡೆ ಲಾಕಿನ ಅಗಲ 7 ಅಡಿಗೆ ನಿಲ್ಲಿಸಿದ್ರು. ಅದಕ್ಕೇ ಆ ಬೋಟಿನ ಅಗಲ 6 ಅಡಿ 10 ಇಂಚು, ಉದ್ದ ಮಾತ್ರ 70 ಅಡಿವರೆಗೂ ಇರುತ್ತೆ, ನ್ಯಾರೋಬೋಟ್ ಅನ್ನೋ ಹೆಸರು ಬಂದಿದ್ದೂ ಅದಕ್ಕೇ. ನಾವು ತಗೊಂಡಿದ್ದು 57 ಅಡೀದು. ಒಳಗೆ ಹೋದ್ರೆ ರೈಲು ಬೋಗೀನ ಇನ್ನೂ ಕಿರಿದು ಮಾಡಿ ಅದರಲ್ಲೇ ಅಡುಗೆಮನೆ, ಮಂಚ, ಸ್ನಾನದ ಗೂಡು, ಟಾಯ್ಲೆಟ್ ಎಲ್ಲ ಸಾಲಾಗಿ ಕೂರಿಸಿದ ಹಾಗೆ. ಒಬ್ಬರು ಬರ್ತಿದ್ರೆ ಇನ್ನೊಬ್ಬರು ಗೋಡೆಗೆ ಅಂಟ್ಕೋಬೇಕು. ಟಾಯ್ಲೆಟ್ ಡಬ್ಬ ಎಲ್ಲಿ ಖಾಲಿ ಮಾಡ್ತಾರೆ ಅನ್ನೋದನ್ನ ಇವತ್ತು ಊಟ ಇದೆ ಅಂದಿದಾರೆ, ಹಾಗಾಗಿ ಹೇಳಲ್ಲ.

ನಾವು ಹತ್ತಿದ್ದು ರೆನ್‌ಬರಿ ಅನ್ನೋ ಹಳ್ಳೀಲಿ, ಚೆಷೈರ್ ಕಡೆ. ಅಲ್ಲಿಂದ ಲಂಗೊಲೆನ್‌ಗೆ ಕಾರಲ್ಲಿ ಸುಮಾರು ಒಂದು ಗಂಟೆ. ಬೋಟಲ್ಲಿ ಮೂರು ದಿನ. ಸ್ಪೀಡ್ ಲಿಮಿಟ್ ಗಂಟೆಗೆ 4 ಮೈಲಿ, ಪಕ್ಕದಲ್ಲಿ ಬೋಟ್ ಕಟ್ಟಿದ್ರೆ ಇನ್ನೂ ನಿಧಾನ, ಇಲ್ಲಾಂದ್ರೆ ನಮ್ಮ ಅಲೆಗೆ ಅವರ ಗೂಟ ಕಿತ್ಕೊಂಡು ಬರುತ್ತೆ, ಒಳಗಿಂದ ತಲೆ ಆಚೆ ಹಾಕಿ "ಸ್ಲೋ ಡೌನ್" ಅಂತಾರೆ. ಬೋಟ್ ಕೊಟ್ಟವನು ಮುಕ್ಕಾಲು ಗಂಟೆ ಎಲ್ಲಾ ಹೇಳ್ಕೊಟ್ಟ, ನನ್ನ ತಲೆಗೆ ಹೋಗಿದ್ದು ಅರ್ಧ. ಸ್ಟಿಯರಿಂಗ್ ಇಲ್ಲ, ಹಿಂದೆ ಒಂದು ಹಿತ್ತಾಳೆ ಹಿಡಿ ಇರೋ ಉದ್ದ ಕಂಬಿ, ಟಿಲ್ಲರ್ ಅಂತಾರೆ, ಅದನ್ನ ಎಡಕ್ಕೆ ನೂಕಿದ್ರೆ ಬೋಟ್ ಬಲಕ್ಕೆ ಹೋಗುತ್ತೆ. ಇದನ್ನ ನನ್ನ ಆಫೀಸಿನೋರಿಗೆ ಅರ್ಥ ಮಾಡ್ಸೋದು ಕಷ್ಟ, ನಿಮಗೆ ಒಂದೇ ಮಾತು ಸಾಕು: ಕಬ್ಬು ತುಂಬಿದ ಟ್ರೇಲರ್ ಕಟ್ಕೊಂಡು ಟ್ರ್ಯಾಕ್ಟರ್ ರಿವರ್ಸ್ ಹಾಕೋದು. ಅದೇ ಲೆಕ್ಕ. ಬ್ರೇಕೂ ಇಲ್ಲ. ನಿಲ್ಲಿಸಬೇಕು ಅಂದ್ರೆ ರಿವರ್ಸ್ ಗೇರ್ ಹಾಕಿ ದೇವರನ್ನ ನೆನೀಬೇಕು, ಹದಿನೈದು ಟನ್ ಹತ್ರದ ಕಬ್ಬಿಣ ತನಗೆ ಬೇಕಾದಾಗ ನಿಲ್ಲುತ್ತೆ.

ಮೊದಲ ಸಂಜೆ ಬೋಟ್ ಕಟ್ಟಿ ಅವ್ವನ್ನ ಮುಂದಿನ ಡೆಕ್ಕಲ್ಲಿ ಕೂರಿಸಿದ್ವಿ. ಅಲ್ಲಿ ಜೂನಲ್ಲಿ ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗೋದು, ಹತ್ತಾದ್ರೂ ಬೆಳಕು. ಎರಡೂ ಕಡೆ ಹಸಿರು ಹುಲ್ಲು, ದಪ್ಪ ದಪ್ಪ ಹಸುಗಳು ನೀರಿನ ಅಂಚಿಗೇ ಬಂದು ನಿಂತ್ಕೊಂಡು ನಮ್ಮನ್ನೇ ನೋಡ್ತಿವೆ, ಬಕ ಒಂದು ಕಾಲಲ್ಲಿ ನಿಂತಿದೆ, ಹೆಂಡತಿ ಫೋಟೋ ಮೇಲೆ ಫೋಟೋ. ಅವ್ವ ಬಹಳ ಹೊತ್ತು ನೀರೇ ನೋಡ್ತಿದ್ದು ಕೇಳಿದ್ಲು, "ಏನ್ಲಾ ಮಗ, ಇಷ್ಟೊಂದು ನೀರು ಹೋಯ್ತೈತಲ್ಲ, ಯಾವ ಗದ್ದೆಗೆ?"

ನಾನು ತಿಳ್ಕೊಂಡೋನ ಥರ, ಅವ್ವ ಇದು ನಮ್ಮ ಥರ ನಾಲೆ ಅಲ್ಲ, ಇದು ನಿಂತ ನೀರು, ಬರೀ ದೋಣಿಗೆ ಅಂದೆ. ಅವಳು ಒಂದು ಒಣ ಎಲೆ ತಗೊಂಡು ನೀರಿಗೆ ಹಾಕಿದ್ಲು. ಎಲೆ ನಿಧಾನಕ್ಕೆ, ನಾವು ಬಂದ ದಿಕ್ಕಿಗೇ ಹೊರಟ್ಹೋಯ್ತು. "ನಿಂತ ನೀರಾ ಇದು?" ಅಂದ್ಲು. ನೀರುಗಂಟಿ ಮನೆ ಸೊಸೆ, ಅವಳಿಗೆ ನಾನು ಪಾಠ ಹೇಳೋಕೆ ಹೋಗಿದ್ದೆ.

ಈ ಪ್ರಶ್ನೆ ಹಿಂದೆ ಹೋಗಿದ್ದಕ್ಕೇ ಇವತ್ತಿನ ಈ ಮಾತು, ಇಲ್ಲಾಂದ್ರೆ ಬರೀ ರಜದ ಫೋಟೋ ತೋರಿಸಿ ಕಳಿಸ್ತಿದ್ದೆ. ಇಂಗ್ಲೆಂಡಿನ ಬಹುಪಾಲು ಕೆನಾಲಲ್ಲಿ ನೀರು ನಿಂತಿರುತ್ತೆ, ಹರಿಯೋದು ಕಾಣಲ್ಲ. ಇದೊಂದರಲ್ಲಿ ಕಣ್ಣಿಗೆ ಕಾಣೋ ಹಾಗೆ ಹರಿಯುತ್ತೆ. ಯಾಕೆ ಅಂದ್ರೆ ಇದು ಒಳಗೊಳಗೇ ನಮ್ಮ ಥರದ ನಾಲೇನೇ. ಲಂಗೊಲೆನ್ ಊರಿನ ಮೇಲ್ಗಡೆ ಡೀ ಅನ್ನೋ ನದಿ ಇದೆ, ಅದಕ್ಕೆ ಅಡ್ಡಲಾಗಿ ಒಂದು ಕಟ್ಟೆ, ಅಲ್ಲಿಂದ ದಿನಕ್ಕೆ ಒಂದು ಕೋಟಿ ಗ್ಯಾಲನ್ ಮೇಲೇ ನೀರು ಈ ಕಾಲುವೆಗೆ ಬಿಡಬಹುದು, ಅದು 46 ಮೈಲಿ ಹರಿದು ಹರ್ಲ್‌ಸ್ಟನ್ ಅನ್ನೋ ಕಡೆ ಒಂದು ಕೆರೆಗೆ ಬೀಳುತ್ತೆ, ಅಲ್ಲಿಂದ ಶುದ್ಧ ಮಾಡಿ ಚೆಷೈರ್ ಕಡೆ ಮನೆಗಳ ನಲ್ಲಿಗೆ. ಗದ್ದೆಗಲ್ಲ, ಬಿಂದಿಗೆಗೆ. ನಾವು ಬೋಟಲ್ಲಿ ತೇಲ್ತಿದ್ದಿದ್ದು ಯಾರದೋ ಮನೆ ಕುಡಿಯೋ ನೀರಿನ ಮೇಲೆ.

ಕಥೆ ಇನ್ನೂ ಚೆನ್ನಾಗಿದೆ. ಇದನ್ನ ಕಟ್ಟಿಸಿದ ಎಲ್ಸ್‌ಮಿಯರ್ ಕೆನಾಲ್ ಕಂಪನಿಯೋರ ಪ್ಲಾನ್ ಇದಲ್ಲವೇ ಅಲ್ಲ. ಮರ್ಸಿ ನದಿಯಿಂದ ಚೆಸ್ಟರ್, ರೆಕ್ಸಮ್ ಮೇಲೆ ಹಾಯ್ದು ಸೆವರ್ನ್ ನದಿವರೆಗೆ ದೊಡ್ಡ ಲೈನ್ ಹಾಕಬೇಕು, ಕಬ್ಬಿಣ ಕಲ್ಲಿದ್ದಲು ಸುಣ್ಣದಕಲ್ಲು ಸಾಗಿಸಬೇಕು ಅಂತ ಹೊರಟ್ರು. 1795ರಲ್ಲಿ ಡೀ ಕಣಿವೆ ಮೇಲೆ ದೊಡ್ಡ ಮೇಲ್ಗಾಲುವೆಗೆ, ಅಂದ್ರೆ ಕಾಲುವೆ ಹೊತ್ತ ಸೇತುವೆಗೆ, ಅಡಿಗಲ್ಲು ಹಾಕಿದ್ರು. ಅದು ಮುಗಿಯೋ ಹೊತ್ತಿಗೆ ದುಡ್ಡೂ ಮುಗಿದಿತ್ತು, ಉತ್ಸಾಹಾನೂ ಮುಗಿದಿತ್ತು. ಮೇಲ್ಗಾಲುವೆ ದಾಟಿದ ತಕ್ಷಣ ಟ್ರೆವರ್ ಅನ್ನೋ ಕಡೆ ಕಾಲುವೆ ನಿಂತೇ ಹೋಯ್ತು. ಪ್ಲಾನಿನ ಪ್ರಕಾರ ಮುಂದಿಂದ ಬರಬೇಕಿದ್ದ ನೀರೂ ಇಲ್ಲ. ಆಗ ಅನಿವಾರ್ಯವಾಗಿ ಲಂಗೊಲೆನ್ ಕಡೆಯಿಂದ ಒಂದು ಸಣ್ಣ ನೀರಿನ ನಾಲೆ ತೆಗೆದು ಜೋಡಿಸಿದ್ರು, 1808ರಲ್ಲಿ. ಅಂದ್ರೆ ಇವತ್ತು ಪ್ರಪಂಚದ ಜನ ಬಂದು ಎಷ್ಟು ಚೆಂದ ಎಷ್ಟು ಚೆಂದ ಅಂತ ಬಾಯಿ ಬಿಡೋ ಆ ಕೊನೇ ತುಂಡು ಹುಟ್ಟಿದ್ದೇ ನೀರು ತರೋ ಫೀಡರ್ ಆಗಿ. ಅದಕ್ಕೇ ಅದು ಅಷ್ಟು ಕಿರಿದು, ಅಷ್ಟು ಆಳ ಕಮ್ಮಿ.

ಆಮೇಲೆ ರೈಲು ಬಂತು, ಕೆನಾಲ್‌ಗಳೆಲ್ಲ ಸೊರಗಿದ್ವು. ಇದು ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ಅನ್ನೋ ರೈಲ್ವೆ ಕಂಪನಿ ಕೈಲಿತ್ತು, 1944ರಲ್ಲಿ ಪಾರ್ಲಿಮೆಂಟಲ್ಲಿ ಕಾನೂನು ಮಾಡಿಸ್ಕೊಂಡು ಇದರ ಮೇಲೆ ದೋಣಿ ಸಂಚಾರಾನ ಬಿಟ್ಟೇಬಿಟ್ರು. ಅದೇ ಕಾನೂನಲ್ಲಿ ಮುಚ್ಚಿದ ಅಕ್ಕಪಕ್ಕದ ಕಾಲುವೆಗಳು ಒಣಗಿ ಹೋದ್ವು. ಇದನ್ನ ಮುಚ್ಚೋಕಾಗಲಿಲ್ಲ, ನೀರು ಬೇಕಿತ್ತಲ್ಲ, ಕುಡಿಯೋ ನೀರು ಕೊಡೋ ಒಪ್ಪಂದ ಇತ್ತಲ್ಲ. ಏರಿ ಒಡೀದ ಹಾಗೆ ನೋಡ್ಕೊಂಡ್ರು, ಹೂಳು ತೆಗೆದ್ರು, ಲಾಕ್ ಇದ್ದ ಹಾಗೇ ಇದ್ವು. ಮುಂದೆ ಬೋಟಿನ ಹುಚ್ಚಿರೋ ಜನ ಬಂದು ನಾವು ಓಡಿಸ್ತೀವಿ ಅಂದಾಗ ಕಾಲುವೆ ರೆಡಿಯಾಗೇ ಇತ್ತು. ಇವತ್ತು ಆ ದೇಶದಲ್ಲಿ ತುಂಬ ಬ್ಯುಸಿ ಕೆನಾಲ್‌ಗಳಲ್ಲಿ ಇದೂ ಒಂದು. ಬೋಟಿನೋರು ನಾವೇ ಉಳಿಸಿದ್ದು ಅಂತ ಹೆಮ್ಮೆ ಪಡ್ತಾರೆ, ಅವರು ಬೇರೆ ಬೇರೆ ಕಡೆ ನಿಜಕ್ಕೂ ಹೋರಾಡಿ ಉಳಿಸಿದಾರೆ, ಇಲ್ಲಿ ಮಾತ್ರ ನನ್ನ ಓಟು ನಲ್ಲಿಗೆ.

ಸರಿ, ದಾರಿಗೆ ಬರ್ತೀನಿ. ಹೋಗ್ತಾ ಏರು, ಮತ್ತೆ ಪ್ರವಾಹಕ್ಕೆ ಎದುರು. ರೆನ್‌ಬರಿಯಿಂದ ಲಂಗೊಲೆನ್‌ಗೆ 12 ಲಾಕು. ಲಾಕ್ ಅಂದ್ರೆ ಏನು ಅಂತ ಹಿಂದೆ ಕೂತಿರೋ ಮಕ್ಕಳಿಗೆ: ಎರಡೂ ಕಡೆ ಬಾಗಿಲಿರೋ ಕಲ್ಲಿನ ಉದ್ದ ತೊಟ್ಟಿ. ಕೆಳಗಿನ ಬಾಗಿಲಿಂದ ಬೋಟ್ ಒಳಗೆ, ಬಾಗಿಲು ಹಾಕು, ಮೇಲ್ಗಡೆ ತೂಬು ಎತ್ತು, ನೀರು ತುಂಬುತ್ತೆ, ಬೋಟ್ ಲಿಫ್ಟಲ್ಲಿ ಹೋದ ಹಾಗೆ ಮೇಲೆ ಬರುತ್ತೆ, ಮೇಲಿನ ಬಾಗಿಲು ತೆಗಿ, ಹೋಗು. ಮೋಟರ್ ಇಲ್ಲ ಕರೆಂಟ್ ಇಲ್ಲ, ಎಲ್ಲ ಕೈಯಲ್ಲೇ. ಪ್ಯಾಡಲ್ ಅಂತಾರೆ ಅವರ ತೂಬಿಗೆ, ಅದನ್ನ ಎತ್ತೋಕೆ ವಿಂಡ್‌ಲಸ್ ಅಂತ ಬಾಗಿದ ಕಬ್ಬಿಣದ ಹ್ಯಾಂಡಲ್. ನನ್ನ ಮಗಳಿಗೆ ಹತ್ತು ವರ್ಷ, ಬಾಗಿಲಿನ ಉದ್ದ ತೊಲೆಗೆ ಬೆನ್ನು ಕೊಟ್ಟು ನೂಕಿದ್ರೆ ಟನ್‌ಗಟ್ಟಲೆ ಬಾಗಿಲು ಸರಿಯುತ್ತೆ, ಎರಡೂ ಕಡೆ ನೀರು ಸಮ ಆಗಿರಬೇಕು ಅಷ್ಟೇ, ಒಂದು ಇಂಚು ವ್ಯತ್ಯಾಸ ಇದ್ರೂ ನಾಲ್ಕು ಗಂಡಸರು ನೂಕಿದ್ರೂ ಅಲ್ಲಾಡಲ್ಲ. ಲಾಕಿನ ಉದ್ದ 72 ಅಡಿ, ಅಗಲ 7, ಏರು ಒಂದು 7 ಅಡಿ ಅಂತ ಹಿಡ್ಕೊಂಡು ನಾನೇ ಲೆಕ್ಕ ಹಾಕಿದೆ, ಒಂದು ಸಲ ತುಂಬೋಕೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್. ಒಂದು ಬೋಟ್ ದಾಟೋಕೆ. ಇದನ್ನ ಅವ್ವಂಗೆ ಹೇಳಿದ್ದು ತಪ್ಪಾಯ್ತು, ಆಮೇಲೆ ಪ್ರತಿ ಲಾಕಲ್ಲೂ "ಹೋಯ್ತು ಇನ್ನೊಂದು ಲಕ್ಷ" ಅಂತ ಎಣಿಸೋಳು.

ಲಾಕಿನ ಪಕ್ಕದಲ್ಲಿ ಕೋಡಿ ಇರುತ್ತೆ. ಬಾಗಿಲು ಹಾಕಿದ್ರೂ ನೀರು ಹರೀತಾನೇ ಇರಬೇಕಲ್ಲ, ಅದು ಪಕ್ಕದ ಸಣ್ಣ ದಾರೀಲಿ ಸುತ್ಕೊಂಡು ಬಂದು ಲಾಕಿನ ಬಾಯಿ ಹತ್ರ ಧೋ ಅಂತ ಬೀಳುತ್ತೆ. ಬೇರೆ ಕೆನಾಲಲ್ಲಿ ಇದು ಸಣ್ಣದು, ಇಲ್ಲಿ ಊರಿಗೆಲ್ಲ ಕುಡಿಯೋ ನೀರು ಹೋಗೋದೇ ಹಾಗೆ, ಜೋರು. ಎರಡು ಬೆರಳಷ್ಟು ಸಂದಿ ಇರೋ ಬಾಗಿಲಿಗೆ 57 ಅಡಿ ಬೋಟ್ ತೂರಿಸ್ತಿರೋವಾಗ ಪಕ್ಕದಿಂದ ಕೋಡಿ ನೀರು ಬಂದು ಮೂತಿಗೆ ಹೊಡೆಯುತ್ತೆ. ಗೊತ್ತಿರೋರು ಸ್ವಲ್ಪ ಜೋರಾಗಿ, ಸ್ವಲ್ಪ ಓರೆಯಾಗಿ ಹೋಗ್ತಾರೆ. ನಾನು ಮರ್ಯಾದಸ್ಥ, ನಿಧಾನಕ್ಕೆ ನೇರವಾಗಿ ಹೋದೆ. ಆಗ ಒಳಗೆ ಹೆಂಡತಿ ಮುದ್ದೆ ತಿರುವ್ತಿದ್ಲು. ಮುದ್ದೆ ವಿಷಯ ಆಮೇಲೆ ಹೇಳ್ತೀನಿ.

ಅಡುಗೆ ಅಂದ ಮೇಲೆ ಇನ್ನೊಂದು. ಕಲ್ಲಿನ ಹಳೇ ಸೇತುವೆಗಳು ಬರ್ತಾವೆ, ಆಚೆ ಏನೂ ಕಾಣಲ್ಲ, ಅಲ್ಲಿ ಹಾರ್ನ್ ಹೊಡೀಬೇಕು. ಒಂದು ತಿರುವಲ್ಲಿ ನಾನು ಹಾರ್ನ್ ಮರ್ತೆ, ಸರಿಯಾಗಿ ಅದೇ ಟೈಮಿಗೆ ಒಳಗೆ ಕುಕ್ಕರ್ ಕೂಗ್ತು. ಎದುರಿಂದ ಬರ್ತಿದ್ದ ಬೋಟಿನ ಮುದುಕ ಅದನ್ನ ಕೇಳಿ ಬದಿಗೆ ಸರ್ಕೊಂಡು ನಿಂತಿದ್ದ. ದಾಟುವಾಗ ಬಹಳ ಗಂಭೀರವಾಗಿ "ಸ್ಟೀಮ್ ಇಂಜಿನ್ನಾ?" ಅಂತ ಕೇಳಿದ. ಇಲ್ಲ, ಬೇಳೆ ಅಂದೆ.

ಗ್ರಿಂಡ್ಲಿ ಬ್ರೂಕ್ ಅಂತ ಒಂದು ಜಾಗ, ಅಲ್ಲಿ ಆರು ಲಾಕು, ಅದರಲ್ಲಿ ಮೇಲಿನ ಮೂರು ಮೆಟ್ಟಿಲು ಥರ ಒಂದಕ್ಕೊಂದು ಅಂಟ್ಕೊಂಡಿವೆ, ಒಂದರ ಮೇಲಿನ ಬಾಗಿಲೇ ಇನ್ನೊಂದರ ಕೆಳಗಿನ ಬಾಗಿಲು. ಯಾವ ತೂಬು ಮೊದ್ಲು ಅನ್ನೋದು ತಪ್ಪಿದ್ರೆ ಒಂದು ತೊಟ್ಟಿ ಉಕ್ಕಿ ಇನ್ನೊಂದು ಖಾಲಿ. ಅದಕ್ಕೇ ಬೇಸಿಗೇಲಿ ಅಲ್ಲಿ ಲಾಕ್ ಕೀಪರ್ ಇರ್ತಾರೆ. ಲೈಫ್ ಜಾಕೆಟ್ ಹಾಕ್ಕೊಂಡ ಎಪ್ಪತ್ತರ ಆಸುಪಾಸಿನ ಮನುಷ್ಯ, ಕೈಯಲ್ಲಿ ಹ್ಯಾಂಡಲ್ಲು, ಮೇಲಿಂದ ಎರಡು ಇಳಿಯಲಿ, ಆಮೇಲೆ ಕೆಳಗಿಂದ ಎರಡು ಹತ್ತಲಿ ಅಂತ ಎಲ್ರನ್ನೂ ಸಾಲಲ್ಲಿ ನಿಲ್ಲಿಸಿದ್ದ. ಒಬ್ಬ ಅರ್ಜೆಂಟು ಅಂತ ಬಂದು ವಾದ ಮಾಡಿದ, ಇವನು ಅವನ ಮುಖಾನೂ ನೋಡದೆ "ನಿಮ್ಮದು ಐದನೇದು" ಅಂದ. ಅವ್ವ ದಡದಲ್ಲಿ ನಿಂತು ಅರ್ಧ ಗಂಟೆ ಅವನನ್ನೇ ನೋಡಿದ್ಲು. "ನಿಮ್ ತಾತನ ಥರಾನೇ ಕಣ್ಲಾ, ಅದೇ ಗತ್ತು" ಅಂದ್ಲು. ಭಾಷೆ ಬರದೆ ಅವನಿಗೆ ಒಂದು ಡಬ್ಬೀಲಿ ಚಕ್ಕುಲಿ ಕೊಟ್ಲು, ಅವನು ತೂಬು ಎತ್ತಿ ಎತ್ತಿ ಮಧ್ಯೆ ಒಂದೊಂದು ಮುರ್ಕೊಂಡು ತಿಂದ. ಆಮೇಲೆ ಗೊತ್ತಾಗಿದ್ದು, ಅವನು ವಾಲಂಟಿಯರ್, ಸಂಬಳ ಇಲ್ಲ. 2012ರಿಂದ ಆ ಕೆನಾಲ್‌ಗಳು ಸರ್ಕಾರದ ಕೈಯಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನೋ ಚಾರಿಟಿಗೆ ಬಂದಿವೆ, ಬೇಸಿಗೇಲಿ ಇಂಥಾ ನಿವೃತ್ತರು ತುಂಬ ಜನ ಬಂದು ಕೆಲಸ ಮಾಡ್ತಾರೆ. (ಇಲ್ಲಿ ಸಭೇಲಿ ಒಬ್ಬರು "ನಮ್ಮಲ್ಲಿ ಸಂಬಳ ಕೊಟ್ರೂ ಬರಲ್ಲ" ಅಂದ್ರು, ಇನ್ನೊಬ್ಬರು "ಸಂಬಳ ಎಲ್ಲಿ ಕೊಟ್ರು?" ಅಂದ್ರು, ಐದು ನಿಮಿಷ ಅಲ್ಲೇ ಹೋಯ್ತು.)

ಮಧ್ಯದ ದಾರಿ ಬಗ್ಗೆ ಜಾಸ್ತಿ ಹೇಳಲ್ಲ. ವಿಕ್ಸಲ್ ಮಾಸ್ ಅಂತ ಒಂದು ಜೌಗು, ಕಾಲುವೆ ಉದ್ದಕ್ಕೂ ನೇರ, ಬೋರು. ಎಲ್ಸ್‌ಮಿಯರ್ ಹತ್ರ ಮಾತ್ರ ಹಿಮಯುಗದ ಹಿಮ ಕರಗಿ ಆದ ಕೆರೆಗಳು, ಕಾಲುವೆಗೂ ಕೆರೆಗೂ ಮಧ್ಯೆ ಒಂದು ಸಾಲು ಮರ ಅಷ್ಟೇ, ಸಂಜೆ ಬಿಸಿಲು ಆ ಮರದ ಸಂದೀಲಿ ಬಂದು ಎರಡೂ ನೀರಿನ ಮೇಲೆ ಬೀಳೋದು ಚೆಂದ. ಅಲ್ಲೇ ಬೋಟಲ್ಲೇ ವರ್ಷವಿಡೀ ಬದುಕೋ ಒಬ್ಬಳ ಪಕ್ಕ ಕಟ್ಟಿದ್ವಿ. ಖಾಯಂ ಜಾಗ ಇಲ್ಲದೋರು ಒಂದು ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲೋ ಹಾಗಿಲ್ಲ, ಮುಂದೆ ಹೋಗ್ತಾನೇ ಇರಬೇಕು. ಅವಳ ಬೋಟಿನ ಮೇಲೆ ಕುಂಡದಲ್ಲಿ ಟೊಮೆಟೊ, ಸೌದೆ, ಸೈಕಲ್ಲು, ಒಂದು ಬೆಕ್ಕು.

ಚರ್ಕ್‌ಗೆ ಬಂದ್ರೆ ಮೊದಲ ಮೇಲ್ಗಾಲುವೆ, 1801ರದ್ದು, 70 ಅಡಿ ಎತ್ತರ, ಪಕ್ಕದಲ್ಲೇ ಅದಕ್ಕಿಂತ ಎತ್ತರಕ್ಕೆ ರೈಲಿನ ಸೇತುವೆ, ನಂತರ ಬಂದವನು ತಲೆ ಮೇಲೆ ನಿಂತ ಹಾಗೆ. ಅದರ ಮೇಲೇ ಇಂಗ್ಲೆಂಡ್ ಮುಗಿದು ವೇಲ್ಸ್ ಶುರು. ದಾಟಿದ್ರೆ ತಕ್ಷಣ ಸುರಂಗ, 459 ಗಜ. ನಮ್ಮ ವಿಸಿ ನಾಲೆಯ ಹುಲಿಕೆರೆ ಸುರಂಗದ ಮುಂದೆ ಅದು ಮೋರಿ, ಆದ್ರೆ ಹುಲಿಕೆರೆ ಸುರಂಗದೊಳಗೆ ಯಾರೂ ಸಂಸಾರ ಸಮೇತ ದೋಣೀಲಿ ಹೋಗಲ್ಲ. ಒಂದೇ ಬೋಟಿಗೆ ಜಾಗ, ಎದುರಿಂದ ಲೈಟ್ ಕಾಣ್ತಿದ್ರೆ ಕಾಯಬೇಕು. ಒಳಗೆ ಹೋದ್ರೆ ಪ್ರವಾಹ ಇಕ್ಕಟ್ಟಾದ ಜಾಗದಲ್ಲಿ ಇನ್ನೂ ಬಿಗಿಯಾಗುತ್ತೆ, ಇಂಜಿನ್ ಗುರ್ ಅಂತಿದೆ, ಗೋಡೆ ನೋಡಿದ್ರೆ ನಾವು ಅಲ್ಲೇ ಇದೀವಿ. ಪಕ್ಕದ ದಾರೀಲಿ ಒಬ್ಬಾಕೆ ನಾಯಿ ಹಿಡ್ಕೊಂಡು ನಮ್ಮನ್ನ ಓವರ್‌ಟೇಕ್ ಮಾಡಿದ್ಲು.

ಇನ್ನು ಪಾಂಟ್‌ಕಸಲ್ತೆ, ಆಗ್ಲೇ ಹೇಳಿದ ಆ ದೊಡ್ಡ ಮೇಲ್ಗಾಲುವೆ. ಇದರ ಹೆಸರೂ ನಾನು ತಪ್ಪಾಗೇ ಹೇಳ್ತಿದೀನಿ. 307 ಮೀಟರ್ ಉದ್ದ, ಡೀ ನದಿಯಿಂದ 38 ಮೀಟರ್ ಮೇಲೆ, 18 ಕಲ್ಲಿನ ಕಂಬ, ಅದರ ಮೇಲೆ ಎರಕದ ಕಬ್ಬಿಣದ ಉದ್ದ ತೊಟ್ಟಿ, ಅದರಲ್ಲಿ ನೀರು, ನೀರಲ್ಲಿ ನಾವು. ಕಟ್ಟಿದ್ದು ಥಾಮಸ್ ಟೆಲ್‌ಫರ್ಡ್, ಸ್ಕಾಟ್ಲೆಂಡಿನ ಕುರಿ ಕಾಯೋನ ಮಗ, ಕಲ್ಲುಕುಟಿಗನಾಗಿ ಶುರು ಮಾಡಿದವನು, ಅವನ ಮೇಲೆ ಮುಖ್ಯ ಇಂಜಿನಿಯರ್ ವಿಲಿಯಂ ಜೆಸಪ್, ಅವನ ಹೆಸರು ಯಾರೂ ಎತ್ತಲ್ಲ ಪಾಪ. 1805ರ ನವೆಂಬರ್ 26ಕ್ಕೆ ಓಪನ್ ಆಯ್ತು, ಖರ್ಚು 47 ಸಾವಿರ ಪೌಂಡ್, 2009ರಲ್ಲಿ ಯುನೆಸ್ಕೊ ಪಟ್ಟಿಗೆ. ಗಾರೆಗೆ ಸುಣ್ಣದ ಜೊತೆ ಎತ್ತಿನ ರಕ್ತ ಬೆರೆಸಿದ್ರು ಅಂತ ಹೇಳ್ತಾರೆ, ನಮ್ಮಲ್ಲಿ ಬೆಲ್ಲ ಮೊಟ್ಟೆ ಹಾಕ್ತಿದ್ರು ಅನ್ನೋ ಹಾಗೆ. ಇಂಜಿನಿಯರ್ ಸಾಹೇಬ್ರಿಗೆ ಇಷ್ಟ ಆಗೋದು ಇದು: ನಡೆಯೋ ದಾರಿ ತೊಟ್ಟಿ ಪಕ್ಕಕ್ಕಿಲ್ಲ, ನೀರಿನ ಮೇಲೇ ಚಾಚ್ಕೊಂಡಿದೆ, ಅದರ ಕೆಳಗೂ ನೀರು. ಯಾಕಂದ್ರೆ ತೊಟ್ಟಿ ಬೋಟಿನಷ್ಟೇ ಅಗಲ ಇದ್ರೆ ಬೋಟ್ ಪಿಚಕಾರಿ ಒಳಗಿನ ದಂಡದ ಥರ ಆಗುತ್ತೆ, ನೀರಿಗೆ ಹಿಂದೆ ಹೋಗೋಕೆ ಜಾಗ ಇಲ್ಲ. ಆ ದಾರಿ ಕೆಳಗೆ ನೀರು ನುಸುಳ್ಕೊಂಡು ಹೋಗುತ್ತೆ.

ನಡೆಯೋ ಕಡೆ ಕಂಬಿ ಇದೆ. ಇನ್ನೊಂದು ಕಡೆ ಏನೂ ಇಲ್ಲ. ಏನೂ ಇಲ್ಲ ಅಂದ್ರೆ ನೀರಿನ ಮೇಲೆ ಒಂದು ಗೇಣು ಕಬ್ಬಿಣದ ಅಂಚು, ಆಮೇಲೆ ಗಾಳಿ, ಕೆಳಗೆ ಮರದ ತಲೆಗಳು, ನದಿ, ಫುಟ್‌ಬಾಲ್ ಆಡ್ತಿರೋ ಇರುವೆಯಷ್ಟು ಮಕ್ಕಳು. ಟಿಲ್ಲರ್ ಹಿಡ್ಕೊಂಡು ನಿಂತವನಿಗೆ ಆ ಅಂಚೂ ಕಾಣಲ್ಲ. ನಾನು ಎದುರಿಗೆ ಬಿಟ್ಟು ಎಲ್ಲೂ ನೋಡಲಿಲ್ಲ. ನಾಲೆಗೆ ಹೆದರಿಸಿ ಬೆಳೆಸಿದ ಅವ್ವ ಮಾತ್ರ ಮುಂದೆ ಕೂತು ತಲೆ ಬಗ್ಗಿಸಿ ಕೆಳಗೆ ನೋಡ್ತಾ, "ಬಂಗಾರದೊಡ್ಡಿ ನಾಲೆನೂ ಹಿಂಗೇ ಹೊಳೆ ಮೇಲಿಂದ ಪಟ್ನಕ್ಕೆ ಬತ್ತಿತ್ತಲ್ಲ" ಅಂದ್ಲು. ನಿಜ, ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಬರ್ತಿದ್ದ ಆ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದು, 17ನೇ ಶತಮಾನ, ಟೆಲ್‌ಫರ್ಡ್ ಹುಟ್ಟೋಕೆ ಮುಂಚೆ. ಎತ್ತರ ಇಷ್ಟಿಲ್ಲ ಬಿಡಿ, ಆದ್ರೂ ಆ ಹೊತ್ತಲ್ಲಿ ನಂಗೆ ಸ್ವಲ್ಪ ಧೈರ್ಯ ಬಂತು.

ಟ್ರೆವರ್ ಆದ್ಮೇಲೆ ಆ ಫೀಡರ್ ತುಂಡು. ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ, ಮೇಲೆ ಮರದ ಚಪ್ಪರ. ಕೆಲವು ಕಡೆ ಎರಡು ಬೋಟ್ ಹಿಡಿಯಲ್ಲ, ಒಬ್ಬರನ್ನ ಮುಂದೆ ನಡೆಸಿ, ಎದುರಿಂದ ಯಾರೂ ಇಲ್ಲ ಅಂತ ಫೋನ್ ಮಾಡಿಸ್ಕೊಂಡು ಹೋಗಬೇಕು. ನಾನು ಒಂದು ಕಡೆ ಇನ್ನೊಬ್ಬರಿಗೆ ದಾರಿ ಬಿಡೋಕೆ ಹೋಗಿ ಕೆಸರಲ್ಲಿ ಕೂತೆ, ಗಳ ಹಾಕಿ ನೂಕಿ ಇಪ್ಪತ್ತು ನಿಮಿಷ. ಇಲ್ಲಿ ಏರಿ ಒಡೆದಿದ್ದೂ ಉಂಟು, 1945ರ ಸೆಪ್ಟೆಂಬರಲ್ಲಿ ಸನ್ ಬ್ಯಾಂಕ್ ಅನ್ನೋ ಕಡೆ ಬೆಳಗಿನ ಜಾವ ಒಡೆದು ಕೆಳಗಿನ ರೈಲು ಹಳಿ ಕೊಚ್ಕೊಂಡು ಹೋಯ್ತು, ಅದು ಗೊತ್ತಿಲ್ಲದೆ ಬಂದ ಟಪಾಲು ರೈಲು ಬಿದ್ದು ಡ್ರೈವರ್ ತೀರ್ಕೊಂಡ. ಈಗ ಆ ಭಾಗದಲ್ಲೆಲ್ಲ ಕಾಂಕ್ರೀಟ್ ಮಾಡಿದಾರೆ.

ಲಂಗೊಲೆನ್ ಊರಲ್ಲಿ ಇಂಜಿನ್ ಬೋಟಿಗೆ ದಾರಿ ಮುಗಿಯುತ್ತೆ, ಮುಂದಕ್ಕೆ ಕುದುರೆ ಎಳೆಯೋ ಬೋಟ್ ಮಾತ್ರ, 1884ರಿಂದ ನಡೆಸ್ತಿದಾರೆ. ಅವ್ವ ಕುದುರೆ ಪಾಪ ಅಂತ ಹತ್ತಲಿಲ್ಲ, ಎರಡು ಮೈಲಿ ನಡೆದೇ ಹೊರಟ್ಲು, ನೀರು ಎಲ್ಲಿಂದ ಬತ್ತದೆ ಅಂತ ನೋಡದೆ ವಾಪಸ್ ಬರಲ್ಲ ಅಂತ. ಹೋಗ್ತಾ ಒಂದು ಗೋಡೆ ಮೇಲೆ ಕೆಂಪು ಬಿಳುಪಲ್ಲಿ "ಕೊವ್ಯುಖ್ ಡ್ರುವೆರಿನ್" ಅಂತ ಬರೆದಿತ್ತು. ಟ್ರುವೆರಿನ್ ಮರೀಬೇಡಿ ಅಂತ ಅರ್ಥ. ಮಗ ಫೋನಲ್ಲಿ ಹುಡುಕಿ ಹೇಳಿದ. ಲಿವರ್‌ಪೂಲ್ ನಗರಕ್ಕೆ ನೀರು ಬೇಕು ಅಂತ 1957ರಲ್ಲಿ ಪಾರ್ಲಿಮೆಂಟಲ್ಲಿ ಕಾನೂನು ಮಾಡಿ, ವೇಲ್ಸಿನ ಒಬ್ಬ ಎಂಪಿನೂ ಅದರ ಪರ ಓಟು ಹಾಕಿರಲಿಲ್ಲ, ಆದ್ರೂ ಮಾಡಿ, ಟ್ರುವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಿದ್ರು, ಕ್ಯಾಪೆಲ್ ಕೆಲಿನ್ ಅನ್ನೋ ಹಳ್ಳಿ ಶಾಲೆ, ಚರ್ಚು, ಹೊಲ ಮನೆ ಸಮೇತ ಮುಳುಗ್ತು, 1965ರಲ್ಲಿ. ಲಿವರ್‌ಪೂಲ್ ಕೌನ್ಸಿಲ್ ಕ್ಷಮೆ ಕೇಳಿದ್ದು 2005ರಲ್ಲಿ. ಆ ಜಲಾಶಯದ ನೀರು ಬಿಡೋದು ಡೀ ನದಿಗೇ, ಬೇಸಿಗೇಲಿ ನದಿ ಇಳಿದಾಗ ಮೇಲಿಂದ ಬಿಟ್ಟು ಮಟ್ಟ ಕಾಪಾಡ್ತಾರೆ. ಅಂದ್ರೆ ಜೂನಿನ ಆ ಒಣ ದಿನಗಳಲ್ಲಿ ನಮ್ಮ ಬೋಟ್ ತೇಲಿಸಿದ ನೀರಲ್ಲಿ ಆ ಊರಿನ ಮೇಲಿಂದ ಬಂದಿದ್ದೂ ಇರಬೇಕು.

ಅವ್ವಂಗೆ ಇದನ್ನ ಹೇಳಬೇಕೋ ಬೇಡ್ವೋ ಅಂತ ಯೋಚಿಸಿ ಹೇಳ್ದೆ. ಅವಳ ತಾಯಿ ಕಡೆಯೋರು ಹಳೇ ಕನ್ನಂಬಾಡಿಯೋರು. ಕೆಆರ್‌ಎಸ್‌ಗೆ ಊರು ಬಿಟ್ಟು ಹೊಸ ಕನ್ನಂಬಾಡಿಗೆ ಬಂದೋರು. ಕಟ್ಟೆ ನೀರು ಇಳಿದ ವರ್ಷ ವೇಣುಗೋಪಾಲಸ್ವಾಮಿ ಗುಡಿ ಕಾಣ್ತದೆ ಅಂತ ಇವಳನ್ನ ಚಿಕ್ಕೋಳಿದ್ದಾಗ ತೋರಿಸೋಕೆ ಕರ್ಕೊಂಡು ಹೋಗ್ತಿದ್ರಂತೆ, ಈಗ ಆ ಗುಡೀನೇ ಬಿಚ್ಚಿ ದಡದಲ್ಲಿ ಕಟ್ಟಿದಾರೆ ಬಿಡಿ. ಅವಳು ಏನೂ ಅನ್ಲಿಲ್ಲ. ಸ್ವಲ್ಪ ದೂರ ಹೋದ್ಮೇಲೆ, "ಅವರ್ಗಾದ್ರೂ ತಪ್ಪಾಯ್ತು ಅಂದ್ರಲ್ಲ" ಅಂದ್ಲು.

ಕೊನೆಗೆ ಹಾರ್ಸ್‌ಶೂ ಫಾಲ್ಸ್. ಜಲಪಾತ ಅಂತ ಹೆಸರು, ಟೆಲ್‌ಫರ್ಡ್ ಕಟ್ಟಿದ 460 ಅಡಿ ಉದ್ದದ ಬಾಗಿದ ಕಟ್ಟೆ ಅಷ್ಟೇ, ನೀರು ತೆಳ್ಳಗೆ ಗಾಜಿನ ಹಾಳೆ ಥರ ಇಳಿಯುತ್ತೆ. ಪಕ್ಕದಲ್ಲಿ ಒಂದು ಪುಟ್ಟ ಮನೆ, ಕಾಲುವೆಗೆ ಎಷ್ಟು ನೀರು ಹೋಗ್ತಿದೆ ಅಂತ ಅಳೆಯೋ ಮೀಟರ್ ಅದರೊಳಗೆ. ಎಲ್ರೂ ಫಾಲ್ಸ್ ಕಡೆ ಮುಖ ಮಾಡಿ ಸೆಲ್ಫಿ ತಗೊಳ್ತಿದ್ರೆ ಅವ್ವ ಆ ಮನೆ ಕಿಟಕಿ ಒಳಗೆ ಇಣುಕ್ತಿದ್ಲು. ಆಮೇಲೆ ಹುಲ್ಲಲ್ಲಿ ಕೂತು ಕಾಲು ನೀರಿಗಿಟ್ಲು, ಜೂನಲ್ಲೂ ಐಸ್ ಥರ ತಣ್ಣಗಿತ್ತು, ತೆಗೀಲಿಲ್ಲ.

ವಾಪಸ್ ಬರೋದು ಸಲೀಸು, ನೀರೇ ನೂಕುತ್ತೆ. ಒಂದೇ ಎಚ್ಚರ, ಇಳಿಯೋ ಲಾಕಲ್ಲಿ ಮೇಲಿನ ಬಾಗಿಲ ಕೆಳಗೆ ಒಳಕ್ಕೆ ಚಾಚಿರೋ ಕಲ್ಲಿನ ಹೊಸ್ತಿಲಿರುತ್ತೆ, ಸಿಲ್ ಅಂತಾರೆ, ಬೋಟಿನ ಹಿಂಭಾಗ ಅದರ ಮೇಲೆ ಕೂತ್ಕೊಂಡ್ರೆ ನೀರು ಇಳೀತಾ ಮೂತಿ ಕೆಳಗೆ ಹೋಗಿ ಬೋಟೇ ಮುಳುಗಬಹುದು. ಹಾಗಾಗಿ ಮುಂದಕ್ಕೇ ಇರಬೇಕು, ಗೋಡೆ ಮೇಲೆ ಬಿಳಿ ಗೆರೆ ಹಾಕಿರ್ತಾರೆ. ಮಗ ಆ ಗೆರೆ ಕಾಯೋ ಕೆಲಸ ಬಹಳ ಸೀರಿಯಸ್ಸಾಗಿ ಮಾಡಿದ.

ಯಾರಾದ್ರೂ ಹೋಗೋ ಹಾಗಿದ್ರೆ ನನ್ನ ಸಲಹೆ, ಜೂನ್ ಮೊದಲರ್ಧ ಹೋಗಿ. ಜುಲೈ ಕೊನೆಯಿಂದ ಸ್ಕೂಲ್ ರಜ, ಗ್ರಿಂಡ್ಲಿ ಬ್ರೂಕಲ್ಲಿ ಗಂಟೆಗಟ್ಟಲೆ ಕ್ಯೂ. ಜುಲೈಲಿ ಲಂಗೊಲೆನ್‌ನಲ್ಲಿ ಐಸ್ಟೆಡ್‌ವಾಡ್ ಅನ್ನೋ ಸಂಗೀತದ ಜಾತ್ರೆ, 1947ರಿಂದ ನಡೀತಿದೆ, 1955ರಲ್ಲಿ ಇಟಲಿಯ ಗಾಯಕ ಪವರಾಟಿ ಅಪ್ಪನ ಜೊತೆ ಊರ ಕಾಯರ್‌ನಲ್ಲಿ ಹಾಡಿ ಪ್ರೈಜ್ ಗೆದ್ದಿದ್ದು ಇಲ್ಲೇ, ಆಗ ಕಟ್ಟೋಕೆ ಜಾಗಾನೇ ಸಿಗಲ್ಲ. ಮಳೆ ಕೋಟ್ ಮರೀಬೇಡಿ. ಖರ್ಚು ಹೋಟೆಲಿಗಿಂತ ಕಮ್ಮಿ ಏನಲ್ಲ.

(ಪ್ರಶ್ನೆಗಳಲ್ಲಿ ಎರಡು ಮಾತ್ರ ಬರೀತೀನಿ. ಮಳವಳ್ಳಿ ಕಡೆ ರೈತರೊಬ್ಬರು ಕೇಳಿದ್ರು, ಅಲ್ಲೂ ಕಟ್ಟು ನೀರು ಪದ್ಧತಿ, ಅಂದ್ರೆ ಸರದಿ ಪ್ರಕಾರ ನೀರು ಬಿಟ್ಟು ನಿಲ್ಲಿಸೋದು, ಇದೆಯಾ, ಕೊನೇ ಭಾಗಕ್ಕೆ ನೀರು ತಲುಪುತ್ತಾ ಅಂತ. ಅಲ್ಲಿ ಕೊನೇ ಭಾಗದಲ್ಲಿರೋದೇ ಕುಡಿಯೋ ನೀರಿನ ಕೆರೆ ಸಾರ್, ಅದಕ್ಕೆ ತಲುಪ್ಲೇಬೇಕು, ಮಧ್ಯೆ ಇರೋ ನಾವು ಬೋಟಿನೋರಿಗೇನೂ ಹಕ್ಕಿಲ್ಲ ಅಂದೆ. ಅವರು "ಹಂಗಾದ್ರೆ ಕೊನೇಲಿ ಒಂದು ಊರಿಗೆ ನಲ್ಲಿ ಹಾಕ್ಸಿದ್ರೆ ನಮ್ಗೂ ಬರ್ತದೆ ಅನ್ನಿ" ಅಂತ ಕೂತ್ಕೊಂಡ್ರು.

ಇನ್ನೊಂದು, ಹಿಂದಿಂದ ಒಬ್ಬ ಅಕ್ಕ ಕೇಳಿದ್ದು, ಮುದ್ದೆ ಏನಾಯ್ತು ಅಂತ ಹೇಳ್ಲೇ ಇಲ್ವಲ್ಲ. ಕೋಡಿ ನೀರು ಹೊಡೆದು ಬೋಟ್ ಗೋಡೆಗೆ ಗುದ್ದಿದಾಗ ಪಾತ್ರೆ ಒಲೆಯಿಂದ ಜಾರಿ ಬಿತ್ತು, ಮುದ್ದೆಕೋಲು ಹೆಂಡತಿ ಕೈಲೇ ಇತ್ತು. ಅರ್ಧ ಮುದ್ದೆ ಪಾತ್ರೇಲೇ ಉಳಿದಿತ್ತು, ಅದನ್ನ ಅವ್ವ ಮತ್ತೆ ಮಕ್ಕಳು ತಿಂದ್ರು. ಮಿಕ್ಕರ್ಧ ನೆಲದ ಮ್ಯಾಟಿಗೆ ಅಂಟ್ಕೊಂಡು ಒಣಗಿ ಶನಿವಾರದವರೆಗೂ ಬಿಡ್ಲಿಲ್ಲ, ಬೋಟ್ ವಾಪಸ್ ಕೊಡೋವಾಗ ಆ ಮನುಷ್ಯ ಬಗ್ಗಿ ಉಗುರಲ್ಲಿ ಕೆರೆದು ನೋಡಿ, ಇದು ಯಾವ ಸಿಮೆಂಟು ಅಂತ ಕೇಳಿದ.)